ಹಲ್ಲಿನ ಗುರುತು

ಹೋಮಾ ಬೇ ದಡದಲ್ಲಿ ನನ್ನದೊಂದು ತಗಡಿನ ಗೂಡಂಗಡಿ.
ಸತ್ತ ಫೋನು ಬದುಕಿಸುವುದು ಕಸುಬು.
ಬೋರ್ಡಿನಲ್ಲಿ ‘ಡಾಕ್ಟರ್ ಒಕುಂಬೆ’ ಅಂತಿದೆ,
ಇದುವರೆಗೆ ಯಾರೂ ತಕರಾರೆತ್ತಿಲ್ಲ.

ಆಗೆಲ್ಲ ಬರುತ್ತಿದ್ದ ಹೆಣಗಳಿಗೆ ಒಂದೇ ಕಾಯಿಲೆ:
ಸರೋವರದ ನೀರು, ಒಮೇನಾ ಮೀನಿನ ಹುರುಪೆ,
ಎದೆಬಟ್ಟೆಯೊಳಗಿನ ಬೆವರು.
ಒದ್ದೆ ಕೈ ಅಂತೊಂದು ಲೋಕದಲ್ಲಿದೆ ಎಂದು
ಗೊತ್ತಿಲ್ಲದವರು ಮಾಡಿದ ಫೋನುಗಳು ಅವು.

ಒಂದು ವರ್ಷ ಕಂಪನಿಯೊಂದರಿಂದ ಹೆಂಗಸೊಬ್ಬಳು ಬಂದಳು.
ಶು ಮಿನ್. ಚಪ್ಪಲಿ ಕೈಯಲ್ಲಿ, ಪ್ರಶ್ನೆಪಟ್ಟಿ ಇಲ್ಲ.
ನನಗೆ ಅನುಮಾನವಾಯಿತು.
ಪ್ರಶ್ನೆಪಟ್ಟಿಯವರ ಹದ ನಮಗೆ ಗೊತ್ತು:
ನಿಮಗೇನು ಬೇಕು ಅನ್ನುತ್ತಾರೆ,
ಅವರಿಗೇನು ಬೇಕೋ ಅದನ್ನು ಹೇಳುತ್ತೇವೆ,
ಸೋಡಾ ಕುಡಿಸಿ, ಫೋಟೋ ಹೊಡೆದು, ಹೋಗುತ್ತಾರೆ.

ಇವಳು ಮಗುಚಿದ ದೋಣಿಯ ಮೇಲೆ ಕೂತಳು.
ಮೂರು ದಿನ ಕೂತೇ ಇದ್ದಳು.

ನಸುಕಿನ ನಾಲ್ಕಕ್ಕೆ ದೋಣಿ ದಡ ತಾಗಿದಾಗ
ಅಪೊಂಡಿಯ ಎರಡೂ ಕೈ ಮೀನಿನಲ್ಲಿ.
ಫೋನು ಹಲ್ಲಲ್ಲಿ ಕಚ್ಚಿ, ಪರದೆಯ ಬೆಳಕಲ್ಲಿ
ಡಬ್ಬಿ ಡಬ್ಬಿ ಅಳೆಯುತ್ತಿದ್ದಳು, ಎಣಿಕೆಯೆಲ್ಲ ಮೂಗಿನಲ್ಲೇ.
ಬೆಳಕು ಆರುತ್ತದೆ. ಭುಜಕ್ಕೆ ತಿಕ್ಕಿ ಎಬ್ಬಿಸುತ್ತಾಳೆ.
ಮತ್ತೆ ಆರುತ್ತದೆ.
ಶು ಮಿನ್ ಪುಸ್ತಕದಲ್ಲಿ ಗೀಟು ಎಳೆದಳು:
ಒಂದು ಬೋಗುಣಿಗೆ ಹನ್ನೊಂದು ಸಲ.

ನಾಲ್ಕು ಹೆಂಗಸರಿಗೆ ಒಂದೇ ಫೋನು ಇರುವುದನ್ನೂ ಕಂಡಳು,
ತಲೆಬಟ್ಟೆಯ ಗಂಟಿನಲ್ಲಿ ಅವರವರ ಸಿಮ್ಮು.
ಬದಲಿಸುವಾಗ ಮರಳಿಗೆ ಬಿದ್ದರೆ
ನಾಲ್ವರೂ ಮೊಣಕಾಲೂರಿ ಹುಡುಕುವುದು,
ನಗುವುದು, ಬೈಯುವುದು,
ಸಾಲ ಕೊಟ್ಟವನ ಕರೆ ತಪ್ಪಿದ್ದಕ್ಕೆ ದೇವರಿಗೆ ಸ್ತೋತ್ರ ಹೇಳುವುದು.
ಅದನ್ನೂ ಬರೆದುಕೊಂಡಳು. ಸ್ತೋತ್ರವನ್ನು ಬರೆದಳೋ ಇಲ್ಲವೋ.

ಮಾತಾಡಿದ್ದು ನನ್ನೊಬ್ಬನ ಬಳಿ: “ನಿಮ್ಮ ಮೇಜಿಗೆ ಏನೇನು ಬರುತ್ತದೆ?”
ಸತ್ತವುಗಳ ಡಬ್ಬಿಯನ್ನು ಅವಳ ಮಡಿಲಿಗೆ ಸುರಿದೆ.
ನಮ್ಮ ಅನ್ನಕ್ಕೆ ನೀನೇ ಕಲ್ಲು ಹಾಕಿಕೊಂಡೆ
ಎಂದು ಹೆಂಡತಿ ಇವತ್ತಿಗೂ ಅನ್ನುತ್ತಾಳೆ.

ವರ್ಷ ತಿರುಗುವುದರೊಳಗೆ ಫೋನು ಬಂತು.
ನೋಡಲು ಸೋಪಿನ ತುಂಡಿನಷ್ಟೇ ಚಂದ.
ನೆತ್ತಿಯ ಮೇಲೆ ಜೋಳದ ಕಾಳಿನಂಥ ಗುಂಡಿ,
ಒತ್ತಿದರೆ ಟಾರ್ಚು; ಮತ್ತೆ ಒತ್ತುವವರೆಗೂ ಆರದು.
ಮೂರು ಸಿಮ್ಮಿಗೆ ಜಾಗ
(ನಾಲ್ಕನೆಯವಳು ಜಗಳವಾಡಿ ತನ್ನದೇ ಒಂದು ಕೊಂಡಳು).
ಎರಡು ಪಕ್ಕದಲ್ಲೂ ರಬ್ಬರಿನ ಗೀರು,
ಯಾತಕ್ಕೆಂದು ಪಟ್ಟಣದವರಿಗೆ ಹೊಳೆಯಲಿಲ್ಲ.
ಅಪೊಂಡಿಗೆ ಹೊಳೆಯಿತು. ಕಚ್ಚಿದಳು. ಕೂತಿತು.

ನೈರೋಬಿಯ ಪತ್ರಿಕೆ ಗೆಲುವಿನ ಗುಟ್ಟನ್ನು ಅರ್ಧ ಪುಟ ಬರೆಯಿತು:
ಅಗ್ಗದ ಬೆಲೆ, ವಿತರಣೆಯ ಜಾಲ, ಬಣ್ಣ ಬಳಿದ ಗೋಡೆಗಳು.
ಇರಬಹುದು. ಆ ಪುಟದಲ್ಲಿ ಮೀನು ಕಟ್ಟಿದೆವು.
ನನ್ನ ಮೇಜಿಗೆ ಬಂದ ಪ್ರತಿ ಫೋನಿನ ಮೇಲೂ
ಎರಡು ಸಾಲು ಹಲ್ಲಿನ ಗುರುತು.
ಜನ ಏನನ್ನಾದರೂ ನಂಬಿದ್ದಕ್ಕೆ
ಇದಕ್ಕಿಂತ ಗಟ್ಟಿ ಸಹಿ ನಾನು ಕಂಡಿಲ್ಲ.

ಐದನೇ ವರ್ಷದ ಮಾದರಿ ಎರಡೂ ಬದಿ ಗಾಜು.
ತೆಳ್ಳಗೆ, ಒಣಗಿದ ಮೀನಿನ ಹಾಗೆ.
ಟಾರ್ಚು ಮೂರು ಬಾಗಿಲು ದಾಟಿ ಒಳಗೆಲ್ಲೋ.
ಶು ಮಿನ್‌ಗೆ ಬಡ್ತಿಯಾಗಿದೆಯಂತೆ,
ಇಪ್ಪತ್ತನೇ ಮಹಡಿಯಂತೆ, ಅಲ್ಲಿ ಕಿಟಕಿ ತೆರೆಯುವುದಿಲ್ಲವಂತೆ.
ಮಾರುವ ಹುಡುಗ ಹೇಳಿದ್ದು, ಎಷ್ಟು ನಿಜವೋ.

ಅಪೊಂಡಿ ಬಿರುಕು ಬಿಟ್ಟದ್ದನ್ನು ತಂದು ಮೇಜಿನ ಮೇಲಿಟ್ಟಳು.
ಸಿಟ್ಟಿರಲಿಲ್ಲ.
“ಇದಕ್ಕೆ ಹಲ್ಲು ನಿಲ್ಲೋದಿಲ್ಲ” ಅಂದಳು, ಅಷ್ಟೆ.
ಡಬ್ಬಿ ಕೆದಕಿ ಹಳೆಯದೊಂದನ್ನು ಎತ್ತಿದೆ,
ಬ್ಯಾಟರಿ ಬದಲಿಸಿ, ಒರೆಸಿ ಕೊಟ್ಟೆ.
ತಿರುಗಿಸಿ ತಿರುಗಿಸಿ ಗುರುತು ನೋಡಿದಳು,
ಸಾಲಿನ ನಡುವೆ ಖಾಲಿ ಬಿಟ್ಟ ಜಾಗಕ್ಕೆ ಬೆರಳಿಟ್ಟಳು.
“ಇದು ನಮ್ಮ ಅಜ್ವಾಂಗಳ ಬಾಯಿ.
ಸಾಯುವಾಗ ನನಗೆ ಎರಡು ಡಬ್ಬಿ ಮೀನು ಬಾಕಿ ಇಟ್ಟವಳು.”

ಸಂಜೆ ಆರು. ಇನ್ನೂ ಕತ್ತಲಾಗಿರಲಿಲ್ಲ.
ಆದರೂ ಗುಂಡಿ ಒತ್ತಿ,
ಅದೇ ಗುರುತಿನ ಮೇಲೆ ಕಚ್ಚಿಕೊಂಡು
ದಡದ ಕಡೆ ನಡೆದಳು.